ಪಾಸಾದ ಮೇಲಿನ ಹೋಳಿಗೆ

ಯುಗಾದಿಯ ಬೆಳಿಗ್ಗೆ ಬಾಡಿಗೆ ಮನೆಯ ಒಡತಿ ಲಕ್ಷ್ಮಿದೇವಮ್ಮ ತಟ್ಟೆಯಲ್ಲಿ ಬೇವು-ಬೆಲ್ಲ ಹಿಡಿದು ಬಾಗಿಲಿಗೆ ಬಂದರೆ ವೀರಬಸಪ್ಪ ಅದರಲ್ಲಿ ಬೇವಿನ ಹೂವನ್ನು ಮಾತ್ರ ಆರಿಸಿ ತಿನ್ನುತ್ತಿದ್ದ. ಅಂಟಿಕೊಂಡ ಬೆಲ್ಲದ ಚೂರನ್ನು ಉಗುರಿನಿಂದ ಬಿಡಿಸಿ ತಟ್ಟೆಯ ಅಂಚಿಗೆ ತಳ್ಳುತ್ತಿದ್ದ. ಮೊದಲ ವರ್ಷ ಲಕ್ಷ್ಮಿದೇವಮ್ಮ, "ಇದೇನ್ ಸಾಮಿ, ಬರೀ ಬೇವ್ ತಿಂತೀರಲ್ಲ, ವರ್ಸೆಲ್ಲ ಇಂಗೇ ಇರ್ಬೇಕು ಅಂತಾನಾ?" ಎಂದು ಕೇಳಿದ್ದರು. ಎರಡನೆಯ ವರ್ಷದಿಂದ ಕೇಳುವುದನ್ನು ಬಿಟ್ಟರು. ಎಂಬತ್ತನಾಲ್ಕನೇ ಇಸವಿಯದು ಐದನೆಯ ಯುಗಾದಿ. ಆ ದಿನವೂ ಅವನು ಬೇವನ್ನು ಅಗಿದು ನುಂಗಿ, ಸೈಕಲ್ಲಿನ ಕ್ಯಾರಿಯರಿಗೆ ಪುಸ್ತಕ ಕಟ್ಟಿಕೊಂಡು ಹೊರಟ. ಬೇವು ಕಹಿ ಎಂದೂ ಅವನಿಗೆ ಅನ್ನಿಸುತ್ತಿರಲಿಲ್ಲ, ಅದು ಬೇರೆ ಮಾತು.

ಕಾರಣ ಇಷ್ಟೇ. ವೀರಬಸಪ್ಪ ಸಿ.ಎ. ಪರೀಕ್ಷೆಗೆ ಓದುತ್ತಿದ್ದ. ಫೈನಲ್ಲಿನ ಮೊದಲ ಗ್ರೂಪನ್ನು ಸಲೀಸಾಗಿ ದಾಟಿದವನಿಗೆ ಎರಡನೆಯದು ಗಂಟಲಿಗೆ ಸಿಕ್ಕ ಮುಳ್ಳಾಗಿತ್ತು. ನಾಲ್ಕು ಪೇಪರು, ನಾನೂರು ಅಂಕ. ಒಂದೊಂದರಲ್ಲೂ ನಲವತ್ತು ಬರಬೇಕು, ಒಟ್ಟು ಇನ್ನೂರು ಆಗಬೇಕು. ಒಂದು ಸಲ ಮೂರು ಪೇಪರು ಚೆನ್ನಾಗಿ ಆಗಿ ನಾಲ್ಕನೆಯದರಲ್ಲಿ ಮೂವತ್ತೆಂಟು ಬರುತ್ತಿತ್ತು. ಇನ್ನೊಂದು ಸಲ ನಾಲ್ಕರಲ್ಲೂ ನಲವತ್ತು ದಾಟಿ ಒಟ್ಟಿನಲ್ಲಿ ಮುಗ್ಗರಿಸುತ್ತಿತ್ತು. ಮೇ ತಿಂಗಳಿಗೊಮ್ಮೆ, ನವೆಂಬರಿಗೊಮ್ಮೆ, ಹೀಗೆ ಹತ್ತು ಸಲ ಕೂತೆದ್ದಿದ್ದ.

ಮೊದಲ ಸಲ ಫೇಲಾದದ್ದು ಎಪ್ಪತ್ತೊಂಬತ್ತರಲ್ಲಿ. ಆ ವರ್ಷದ ನಾಗರಪಂಚಮಿಗೆ ಸಿಂದಗಿ ಕಡೆಯ ತನ್ನ ಹಳ್ಳಿಗೆ ಹೋಗಿದ್ದ. ಸಂಗವ್ವನನ್ನು ಮದುವೆಯಾಗಿ ಮೂರು ತಿಂಗಳಾಗಿತ್ತು. ಅವ್ವ ಪರಾತದ ತುಂಬ ಉಂಡಿ ಕಟ್ಟಿ ಮುಂದಿಟ್ಟಳು. ವೀರಬಸಪ್ಪ ಪರಾತವನ್ನು ಎರಡೂ ಕೈಯಿಂದ ಆಚೆ ಸರಿಸಿ, ಎದ್ದು ದೇವರ ಜಗಲಿಯ ಮುಂದೆ ನಿಂತು, ಪಾಸಾಗುವವರೆಗೆ ಸಿಹಿ ಮುಟ್ಟುವುದಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಅವ್ವ ಕಣ್ಣೊರೆಸಿಕೊಂಡಳು. ನೆರೆಯವರು, ಮಗ ಅಂದರೆ ಹೀಗಿರಬೇಕು ಎಂದರು. ಅಪ್ಪ ಕಾಡಪ್ಪ ಒಬ್ಬ ಮಾತ್ರ ಬಾಯಲ್ಲಿದ್ದ ಉಂಡಿಯನ್ನು ನಿಧಾನವಾಗಿ ಅಗಿದು ನುಂಗಿ, "ಲೇ ವೀರಾ, ಬಸವಣ್ಣ ಏನ್ ನಿನ್ನ ಪೇಪರ್ ತಿದ್ದತಾನೇನಲೇ? ಉಂಡೀನೂ ತಿನ್ನು, ಓದೂನೂ ಓದು. ಎರಡೂ ಮಾಡಾಕ ಬರ್ತೈತಿ" ಎಂದ. ಮುದುಕನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರ ಕಣ್ಣೂ ಹೊಸ ಸೊಸೆಯ ಕಡೆ ತಿರುಗಿದವು. ಸಂಗವ್ವನ ಕೈಯಲ್ಲಿ ಅರ್ಧ ಕಡಿದ ಶೇಂಗಾ ಉಂಡಿ ಇತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟು, "ನಾನೂ ಬಿಡ್ತೀನ್ರಿ" ಎಂದಳು.

ಹೀಗೆ ಗಂಡ ಹೆಂಡತಿ ಇಬ್ಬರೂ ಹರಕೆ ಹೊತ್ತು ಹೆಬ್ಬಾಳಕ್ಕೆ ಬಂದು, ಲಕ್ಷ್ಮಿದೇವಮ್ಮನ ವಠಾರದಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ ಹಿಡಿದರು. ಲಕ್ಷ್ಮಿದೇವಮ್ಮನವರದು ಊರಿನ ಹಳೆಯ ಒಕ್ಕಲು. ಕೆರೆಯ ಕೆಳಗೆ ಗದ್ದೆ, ಅದರಾಚೆ ದ್ರಾಕ್ಷಿ ತೋಟ, ಮನೆಯ ಹಿಂದೆ ಬಾಡಿಗೆಗೆಂದು ಕಟ್ಟಿಸಿದ ಆರು ಮನೆಗಳ ಸಾಲು. ವೀರಬಸಪ್ಪನಿಗೆ ಯಶವಂತಪುರದ ಒಬ್ಬ ಆಡಿಟರ ಆಫೀಸಿನಲ್ಲಿ ಕೆಲಸ. ದಿನವೂ ಸೈಕಲ್ಲು ತುಳಿದು ಹೋಗಿ, ಮಂಡಿ ವ್ಯಾಪಾರಿಗಳ ವೋಚರುಗಳಿಗೆ ಹಸಿರು ಪೆನ್ಸಿಲಿನಿಂದ ಟಿಕ್ ಹಾಕಿ, ಸಂಜೆ ಬಂದು ಪುಸ್ತಕ ಹಿಡಿದು ಕೂರುತ್ತಿದ್ದ.

ಒಂದನ್ನು ಬಿಟ್ಟವನಿಗೆ ಇನ್ನೊಂದನ್ನು ಬಿಡುವುದು ಸುಲಭ. ಸಂಗವ್ವ ಲಾಲ್‌ಬಾಗಿನ ಹೂವಿನ ಪ್ರದರ್ಶನ ನೋಡಬೇಕೆಂದಳು. ಪಾಸಾದ ಮೇಲೆ ಎಂದ. ಡಾಲ್ಡಾ ಡಬ್ಬಿಯಲ್ಲಿ ಮಲ್ಲಿಗೆಯ ಕಡ್ಡಿ ನೆಟ್ಟು ಬಾಗಿಲ ಮುಂದೆ ಇಡುತ್ತೇನೆಂದಳು. ಡಬ್ಬಿ ಕಾಲಿಗೆ ತೊಡರುತ್ತದೆ, ಪಾಸಾದ ಮೇಲೆ ನೋಡೋಣ ಎಂದ. ಒಂದು ಮಗು ಬೇಕೆಂದಳು. ಪಾಸಾದ ಮೇಲೆ. ಇದನ್ನು ಅವಳು ಎರಡು ಸಲ ಕೇಳಿ ಮೂರನೆಯ ಸಲ ಕೇಳಲಿಲ್ಲ. ಹೆಂಡತಿ ಅರ್ಥ ಮಾಡಿಕೊಂಡಳು ಎಂದು ವೀರಬಸಪ್ಪ ತಿಳಿದ. ಬಲು ಬುದ್ಧಿವಂತ!

ಎಂಬತ್ತೊಂದರ ನವೆಂಬರಿನಲ್ಲಿ ಎರಡನೆಯ ಪೇಪರು ಬರೆದು ಮನೆಗೆ ಬಂದಾಗ ಟೆಲಿಗ್ರಾಂ ಬಂದಿತ್ತು. ಅಪ್ಪ ಹೋಗಿಬಿಟ್ಟಿದ್ದ. ಸಂಗವ್ವ ಆಗಲೇ ಬಟ್ಟೆಯ ಗಂಟು ಕಟ್ಟಿ ಕೂತಿದ್ದಳು. ವೀರಬಸಪ್ಪ ಲೆಕ್ಕ ಹಾಕಿದ. ಈಗ ಹೊರಟರೂ ಊರು ಮುಟ್ಟುವುದು ನಾಳೆ ಮಧ್ಯಾಹ್ನ, ಅಷ್ಟರಲ್ಲಿ ಮಣ್ಣು ಕೊಟ್ಟಾಗಿರುತ್ತದೆ, ಹೇಗೂ ಮುಖ ನೋಡಲು ಸಿಗುವುದಿಲ್ಲ. ಅವಳೊಬ್ಬಳನ್ನೇ ಬಸ್ಸು ಹತ್ತಿಸಿ ಬಂದು, ಉಳಿದ ಎರಡು ಪೇಪರು ಬರೆದು ಮುಗಿಸಿ ಆಮೇಲೆ ಹೋದ. ಊರಿಗೆ ಹೋದರೂ ಅಳು ಬರಲಿಲ್ಲ. ಅಳುವುದನ್ನೂ ಅವನು ಪಾಸಾದ ಮೇಲಕ್ಕೆ ಇಟ್ಟಿದ್ದ. ಹನ್ನೊಂದನೆಯ ದಿನ ಶಿವಗಣಾರಾಧನೆಗೆ ಅವ್ವ ಗೋಧಿ ಹುಗ್ಗಿ ಮಾಡಿಸಿದ್ದಳು, ಅಪ್ಪನಿಗೆ ಅದೆಂದರೆ ಪ್ರಾಣ. ಬಡಿಸುವವರು ಬಂದಾಗ ವೀರಬಸಪ್ಪ ಎಲೆಗೆ ಎರಡೂ ಕೈ ಅಡ್ಡ ಹಿಡಿದು, "ಹರಕಿ ಐತಿ" ಎಂದ. ಪಂಕ್ತಿಯಲ್ಲಿ ಕೂತವರು ಭಲೆ ಭಲೆ ಎಂದರು. ಅವ್ವ ಈ ಸಲ ಕಣ್ಣೊರೆಸಿಕೊಳ್ಳಲಿಲ್ಲ. ಕಂಬಕ್ಕೆ ಒರಗಿ ಅವನನ್ನೇ ನೋಡುತ್ತಿದ್ದಳು. ಆ ಪರೀಕ್ಷೆಯಲ್ಲೂ ಅವನು ಫೇಲಾದ.

ಹತ್ತನೆಯ ಸಲದ್ದು ಎಂಬತ್ತಮೂರರ ನವೆಂಬರಿನ ಪರೀಕ್ಷೆ. ಜನವರಿಯಲ್ಲಿ ಅಂಕಪಟ್ಟಿ ಬಂತು. ನೂರಾ ತೊಂಬತ್ತೇಳು. ಆಡಿಟರ ಪಾಲುದಾರ ಚನ್ನಕೇಶವ ಪಟ್ಟಿಯನ್ನು ಕೈಗೆ ತೆಗೆದುಕೊಂಡು ತಲೆ ತಲೆ ಚಚ್ಚಿಕೊಂಡ. ಇದೇ ಚನ್ನಕೇಶವ ಆಫೀಸಿಗೆ ಬಂದ ಹೊಸತರಲ್ಲಿ ಅವನಿಗೆ ಟಿಕ್ ಹಾಕುವುದನ್ನು ಕಲಿಸಿದವನು ವೀರಬಸಪ್ಪನೇ. "ಮೂರೇ ಮಾರ್ಕ್ಸ್ ಗುರು! ನಂಗೇ ಹೊಟ್ಟೆ ಉರೀತಿದೆ, ನೀನೇನು ಕಲ್ಲಿನ ತರ ಕೂತಿದೀಯಲ್ಲ? ಒಂದ್ಸಲ ಬೈಯಾದ್ರೂ ಬೈಯಪ್ಪ!" ವೀರಬಸಪ್ಪ ಬೈಯಲು ಯಾರನ್ನಾದರೂ ಹುಡುಕಿದ, ಸಿಗಲಿಲ್ಲ. ಹಸಿರು ಪೆನ್ಸಿಲು ಚೂಪು ಮಾಡಿಕೊಂಡು ಮುಂದಿನ ವೋಚರಿಗೆ ಟಿಕ್ ಹಾಕಿದ.

ಹನ್ನೊಂದನೆಯ ಸಲಕ್ಕೆ ಫಾರಂ ತುಂಬಿಯಾಗಿತ್ತು. ಮೇ ತಿಂಗಳಿಗೆ ಇನ್ನು ನಾಲ್ಕೇ ವಾರ. ಹಬ್ಬದ ದಿನ ವಠಾರದ ತುಂಬ ಹೂರಣದ ವಾಸನೆ ಎದ್ದು ಓದಲಾಗುವುದಿಲ್ಲವೆಂದು ಅವನು ಪ್ರತಿ ಯುಗಾದಿಗೂ ಯಶವಂತಪುರದ ಆಫೀಸಿನ ಬೀಗ ತೆಗೆದು, ಒಬ್ಬನೇ ಫೈಲುಗಳ ನಡುವೆ ಕೂತು ಸಂಜೆಯವರೆಗೆ ಓದುತ್ತಿದ್ದ. ಈ ಸಲ ಮೇಖ್ರಿ ಸರ್ಕಲ್ ದಾಟಿ, ಆಫೀಸಿನ ಮೆಟ್ಟಿಲು ಹತ್ತಿ, ಜೇಬಿಗೆ ಕೈ ಹಾಕಿದರೆ ಬೀಗದ ಕೈ ಇಲ್ಲ. ಮನೆಯ ಗೂಡಿನಲ್ಲಿ ಉಳಿದಿತ್ತು. ಬಂದ ದಾರಿಗೆ ಸುಂಕವಿಲ್ಲವೆಂದು ಸೈಕಲ್ಲು ತಿರುಗಿಸಿದ.

ವಠಾರದ ಗೇಟಿಗೆ ಬಂದಾಗ ಹನ್ನೊಂದೂವರೆ ಇರಬಹುದು. ಲಕ್ಷ್ಮಿದೇವಮ್ಮನ ಹಜಾರದಲ್ಲಿ ಆರೂ ಮನೆಯ ಹೆಂಗಸರು ನೆರೆದಿದ್ದರು. ನಡುವೆ ಒಲೆಯ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಲಟ್ಟಣಿಗೆ ಹಿಡಿದು ಕೂತವಳು ಸಂಗವ್ವ. ಹಂಚಿನ ಮೇಲಿನ ಹೋಳಿಗೆ ಉಬ್ಬಿತು. ಅದನ್ನು ತೆಗೆದು ಒಂದು ಚೂರು ಮುರಿದು, ತುಪ್ಪದಲ್ಲಿ ಅದ್ದಿ, ಎಲ್ಲರ ಮುಂದೆ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ರುಚಿ ನೋಡಿ ಏನೋ ಹೇಳಿದಳು. ಹೆಂಗಸರು ಘೊಳ್ಳೆಂದು ನಕ್ಕರು, ಅವಳೂ ನಕ್ಕಳು. ಆ ನಗು ಯಾರದೆಂದು ವೀರಬಸಪ್ಪನಿಗೆ ಗುರುತೇ ಹತ್ತಲಿಲ್ಲ. ಐದು ವರ್ಷ ಒಂದೂವರೆ ಕೋಣೆಯಲ್ಲಿ ಜೊತೆಗಿದ್ದವಳು ಹೀಗೆ ನಗುತ್ತಾಳೆಂಬುದು ಅವನಿಗೆ ಸುದ್ದಿ.

ಲಕ್ಷ್ಮಿದೇವಮ್ಮ ಮೊದಲು ಅವನನ್ನು ಕಂಡರು. "ಬನ್ನಿ ಬನ್ನಿ, ಇವತ್ತೇನ್ ಇಷ್ಟ್ ಬೇಗ ಬಂದ್ಬುಟ್ರಿ? ನಮ್ ಸಂಗವ್ವನ ಕೈ ಓಳಿಗೆ ಅಂದ್ರೆ ವಠಾರ್ದೋರೆಲ್ಲ ವರ್ಸಪೂರ್ತಿ ಕಾಯ್ತಾರೆ. ನಾವ್ ಮಾಡೋ ಒಬ್ಬಟ್ಟು ಇದರ್ ಮುಂದೆ ಏನೂ ಅಲ್ಲ ಬುಡಿ." ಆಡಿದ ಮೇಲೆ ಅವರಿಗೆ ಹರಕೆಯ ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಸಂಗವ್ವ ಗಾಬರಿಯಾಗಲಿಲ್ಲ. ಕೈ ತೊಳೆದು ಅವನ ಹಿಂದೆಯೇ ಮನೆಯೊಳಗೆ ಬಂದು ನಿಂತಳು. ಮುಡಿಯಲ್ಲಿ ಮಲ್ಲಿಗೆ ಇತ್ತು.

"ಎಷ್ಟು ದಿನದಿಂದ ನಡದೈತಿ ಇದು?" ವೀರಬಸಪ್ಪ ಕೇಳಿದ.

"ಇಲ್ಲಿಗೆ ಬಂದ ಮೊದಲನೇ ಯುಗಾದಿಯಿಂದ. ಅವತ್ತ ಲಕ್ಷ್ಮಿದೇವಮ್ಮಾರು ಕೈಯಾಗ ಒಬ್ಬಟ್ಟು ಇಟ್ರು. ಬ್ಯಾಡ ಅನ್ನಾಕಂತ ಬಾಯಿ ತಗದೆ. ತಗದ ಬಾಯಿಗೆ ಅದನ್ನ ಹಾಕ್ಕೊಂಡೆ. ಏನೂ ಆಗ್ಲಿಲ್ರಿ. ಸಂಜಿಗೆ ಹಾಲಿನಾಂವ ಬಂದ, ಹಾಲು ಕೊಟ್ಟು ಹೋದ."

"ನನಗ ಯಾಕ ಹೇಳಲಿಲ್ಲ?"

"ಕೇಳಿದ್ರ ಹೇಳ್ತಿದ್ದೆ. ಈ ಮಲ್ಲಿಗೀನೂ ನಂದ, ಅವರ ಬಾವಿಕಟ್ಟಿ ಹತ್ರ ಗಿಡ ಹಚ್ಚೀನಿ. ಅದನ್ನೂ ನೀವು ಕೇಳಲಿಲ್ಲ."

ವೀರಬಸಪ್ಪನ ದನಿ ಏರಿತು. "ಅದಕ್ಕ ನಾ ಪಾಸಾಗಿಲ್ಲ! ನೀ ಹರಕಿ ಮುರದಿ, ಅದಕ್ಕ!"

ಸುಳ್ಳೇಕೆ ಹೇಳಬೇಕು, ಹೀಗೆ ಅಂದಾಗ ಅವನಿಗೆ ಹಿತವಾಯಿತು. ಎಷ್ಟೋ ವರ್ಷಗಳ ಮೇಲೆ ಮೈಯಲ್ಲಿ ಏನೋ ಬೆಚ್ಚಗಾಯಿತು. ಹತ್ತು ಸಲ ಫೇಲಾದದ್ದಕ್ಕೆ ಒಂದು ಕಾರಣ ಬೇಕಾಗಿತ್ತು. ಅದು ಹೊರಗೆಲ್ಲೂ ಸಿಗದೆ ಕೊನೆಗೆ ತುಪ್ಪ ಮೆತ್ತಿದ ಬೆರಳಿನ ಸಮೇತ ಮನೆಯಲ್ಲೇ ಸಿಕ್ಕಿತ್ತು.

"ಹಂಗಾದ್ರ ನನ್ನ ಹೆಸರಿಗೆ ಬರಕೋರಿ," ಎಂದಳು ಸಂಗವ್ವ. "ಒಲಿ ಮ್ಯಾಲ ಹಂಚು ಐತಿ, ಹೊತ್ತತೈತಿ." ಅಷ್ಟು ಹೇಳಿ ಹೊರಟೇ ಹೋದಳು.

ಅವನಿಗೆ ರೇಗಿತು. ಇವತ್ತು ಇದನ್ನು ದಾಖಲೆ ಸಮೇತ ಇವಳ ಮುಂದೆ ಇಡಬೇಕೆಂದು ಟ್ರಂಕಿನಿಂದ ಅಂಕಪಟ್ಟಿಗಳ ಫೈಲು ತೆಗೆದ. ಅವನು ಆಡಿಟರ ಮನುಷ್ಯ, ಬಾಯಿಮಾತನ್ನು ನಂಬುವ ಪೈಕಿ ಅಲ್ಲ. ಹತ್ತೂ ಪಟ್ಟಿಗಳನ್ನು ತಾರೀಖಿನ ಪ್ರಕಾರ ಚಾಪೆಯ ಮೇಲೆ ಹರಡಿ, ಹಸಿರು ಪೆನ್ಸಿಲು ಹಿಡಿದು ಕೂತ.

ಮೊದಲನೆಯದು ಹರಕೆಗಿಂತ ಮುಂಚಿನದು, ಅದನ್ನು ಬಿಟ್ಟ. ಎರಡನೆಯದು ಎಪ್ಪತ್ತೊಂಬತ್ತರ ನವೆಂಬರು. ಸಂಗವ್ವ ಮೊದಲ ಒಬ್ಬಟ್ಟು ತಿಂದದ್ದು ಅದರ ಮುಂದಿನ ಯುಗಾದಿಗೆ. ಅಂದರೆ ಆ ನವೆಂಬರಿನಲ್ಲಿ ಇಬ್ಬರ ಹರಕೆಯೂ ಚಿನ್ನದಂತೆ ಚೊಕ್ಕವಾಗಿತ್ತು. ಬಂದದ್ದು ನೂರಾ ಅರವತ್ತೊಂಬತ್ತು. ಹತ್ತರಲ್ಲಿ ಅತಿ ಕಡಿಮೆ ಅದೇ. ಅವಳು ತಿನ್ನುತ್ತ ಹೋದಂತೆ ಅಂಕ ಒಮ್ಮೆ ಏರಿ ಒಮ್ಮೆ ಇಳಿದು, ಕೊನೆಗೆ ಅವಳು ಇಡೀ ವಠಾರಕ್ಕೆ ಹೋಳಿಗೆ ಮಾಡಿ ತಿಂದ ವರ್ಷ ನೂರಾ ತೊಂಬತ್ತೇಳಕ್ಕೆ ಬಂದು ನಿಂತಿತ್ತು. ಈ ದಾಖಲೆಯನ್ನು ಯಾವ ಆಡಿಟರ ಮುಂದೆ ಇಟ್ಟರೂ ಅವನು ಸಂಗವ್ವನಿಗೆ ಇನ್ನಷ್ಟು ಹೋಳಿಗೆ ತಿನ್ನಿಸು ಎಂದಾನೇ ಹೊರತು ಬೇರೇನೂ ಹೇಳಲಾರ.

ವೀರಬಸಪ್ಪ ಪೆನ್ಸಿಲು ಕೆಳಗಿಟ್ಟ. ಸಿಟ್ಟು ಹೋಗಿತ್ತು. ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ಎಂದಿನ ಹಾಗೆ ಒಳಗೆಲ್ಲ ಖಾಲಿ. ಆದರೆ ಇವತ್ತು ಆ ಖಾಲಿಯನ್ನು ಅವನು ಮೊದಲ ಸಲ ಕಣ್ಣಿಟ್ಟು ನೋಡಿದ. ಈ ಹರಕೆಯನ್ನು ದೇವರು ಬೇಡಿರಲಿಲ್ಲ. ಅಪ್ಪ ಬೇಡವೆಂದಿದ್ದ. ಹೆಂಡತಿ ಯಾವತ್ತೋ ಕೈಬಿಟ್ಟಿದ್ದಳು. ಪರೀಕ್ಷೆ ಮಾಡುವವರಿಗೆ ಗೊತ್ತೇ ಇರಲಿಲ್ಲ. ಐದು ವರ್ಷ ಈ ಬಾಗಿಲಿಗೆ ಅಗುಳಿ ಹಾಕಿಕೊಂಡು ಒಳಗೆ ಕೂತವನು ತಾನೊಬ್ಬನೇ. ಯಾರೂ ಹೊರಗಿನಿಂದ ಬೀಗ ಹಾಕಿರಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಸಂಗವ್ವ ಬಂದಳು. ಕೈಯಲ್ಲಿದ್ದ ಸ್ಟೀಲಿನ ಡಬ್ಬಿಯನ್ನು ಗೂಡಿನಲ್ಲಿಟ್ಟು, ಚಾಪೆಯ ಮೇಲಿನ ಅಂಕಪಟ್ಟಿಗಳನ್ನು ನೋಡಿಯೂ ನೋಡದವಳಂತೆ ತಟ್ಟೆ ಹಾಕಿ ಅನ್ನ, ಹೋಳಿಗೆ ಸಾರು, ಹೆಸರುಕಾಳಿನ ಪಲ್ಯ ಬಡಿಸಿದಳು. ಪ್ರತಿ ಹಬ್ಬದಲ್ಲೂ ಇಷ್ಟೇ. ಹೋಳಿಗೆಯಿಲ್ಲದ ಮನೆಗೆ ಹೋಳಿಗೆ ಸಾರು ಎಲ್ಲಿಂದ ಬರುತ್ತದೆಂದು ಈ ಮಹಾಶಯ ಐದು ವರ್ಷದಲ್ಲಿ ಒಂದು ದಿನವೂ ಯೋಚಿಸಿರಲಿಲ್ಲ.

ನಾಲ್ಕು ತುತ್ತು ಉಂಡು, ತಟ್ಟೆ ನೋಡುತ್ತಲೇ, "ಸಂಗವ್ವ, ಹೋಳಿಗಿ ಬಡಸು" ಎಂದ.

ಸಂಗವ್ವ ಕೈಯಲ್ಲಿದ್ದ ಸೌಟನ್ನು ಸಾರಿನ ಪಾತ್ರೆಗೆ ಇಳಿಬಿಟ್ಟಳು.

"ನಾ ಬಡಸೂದಿಲ್ರಿ," ಎಂದಳು.

"ಯಾಕ?"

"ನಾ ಬಡಿಸಿದ್ರ, ನಾಳೆ ರಿಜಲ್ಟ್ ಬಂದಾಗ ಸಂಗವ್ವ ಬಡಿಸಿದ್ಲು, ಅದಕ್ಕ ಫೇಲಾದೆ ಅಂತೀರಿ. ಇವತ್ತು ಒಮ್ಮೆ ಅನಿಸ್ಕೊಂಡೀನಿ, ಸಾಕು. ಡಬ್ಬಿ ಗೂಡಿನಾಗ ಐತಿ. ತುಪ್ಪ ಅದರ ಕೆಳಗೈತಿ. ಬೇಕಾದ್ರ ನೀವ ತಗೊಂಡು ಉಣ್ರಿ. ಬ್ಯಾಡಾದ್ರ ಬಿಡ್ರಿ. ನಿಮ್ಮ ಬಾಯಿ, ನಿಮ್ಮ ಕೈ."

ಹುಟ್ಟಿದಾಗಿನಿಂದ ಯಾರಾದರೂ ಬಡಿಸಿದ್ದನ್ನೇ ಉಂಡ ಗಂಡಸು ವೀರಬಸಪ್ಪ. ಬೇಡ ಎನ್ನಲು ಎಲೆಗೆ ಕೈ ಅಡ್ಡ ಹಿಡಿಯುವುದು ಗೊತ್ತಿತ್ತು, ಬೇಕು ಎಂದಾಗ ಕೈ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಹೊರಗೆ ಲಕ್ಷ್ಮಿದೇವಮ್ಮ ದನಕ್ಕೆ ನೀರು ತೋರಿಸುತ್ತ ಯಾರನ್ನೋ ಬೈಯುತ್ತಿದ್ದರು. ಸಂಗವ್ವ ಅವನ ಕಡೆ ನೋಡದೆ ತನ್ನ ತಟ್ಟೆಗೆ ಬಡಿಸಿಕೊಂಡು ಉಣ್ಣತೊಡಗಿದಳು.

ವೀರಬಸಪ್ಪ ಎದ್ದು ಎಂಜಲು ಕೈ ತೊಳೆದುಕೊಂಡ. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ಎದೆಗೆ ಒತ್ತಿ ಹಿಡಿದು ತೆಗೆದ. ಒಂದು ಹೋಳಿಗೆ ತೆಗೆದು ತಟ್ಟೆಗೆ ಹಾಕಿಕೊಂಡು, ತುಪ್ಪದ ಗಿಂಡಿ ಹುಡುಕಿ, ತಾನೇ ಬಗ್ಗಿಸಿಕೊಂಡ. ಅಳತೆ ತಿಳಿಯದೆ ತಟ್ಟೆಯೆಲ್ಲ ತುಪ್ಪವಾಯಿತು. ಕೂತು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ.

ಏನೂ ಅನ್ನಿಸಲಿಲ್ಲ. ಮೆತ್ತಗಿನದೇನೋ ಬಾಯಲ್ಲಿತ್ತು, ಅಷ್ಟೇ. ಇಷ್ಟಕ್ಕಾಗಿ ಐದು ವರ್ಷವೇ ಎಂದುಕೊಂಡು ಇನ್ನೊಂದು ಚೂರು ಹಾಕಿಕೊಂಡ. ಅದನ್ನು ಅಗಿಯುತ್ತಿರುವಾಗ ಬೆಲ್ಲ ನಾಲಗೆಗೆ ಹತ್ತಿತು. ಆಮೇಲೆ ಏಲಕ್ಕಿ, ಜಾಜಿಕಾಯಿ. ಅದರ ಹಿಂದೆಯೇ ಯಾರೂ ಕರೆಯದೆ ಅಪ್ಪ ಬಂದ. ಉಂಡಿಯನ್ನು ನಿಧಾನವಾಗಿ ಅಗಿದು ನುಂಗಿ, ಎರಡೂ ಮಾಡಾಕ ಬರ್ತೈತಿ ಎನ್ನುತ್ತಿದ್ದ ಅಪ್ಪ. ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಅವನು ಅತ್ತ. ಎರಡೂವರೆ ವರ್ಷ ಹಿಂದೆ ಅಳಬೇಕಾಗಿದ್ದನ್ನು ಈಗ, ಹಬ್ಬದ ಮಧ್ಯಾಹ್ನ, ತುಪ್ಪದ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಸಂಗವ್ವ ಎದ್ದು ಬಂದು ಸಮಾಧಾನ ಮಾಡಲಿಲ್ಲ. ನೀರಿನ ತಂಬಿಗೆಯನ್ನು ಅವನ ಕಡೆ ಸರಿಸಿದಳು.

"ಅಪ್ಪನ ಹುಗ್ಗಿ ನಾ ಉಣ್ಣಲಿಲ್ಲ, ಸಂಗವ್ವ," ಎಂದ ಅವನು, ಉಸಿರು ತಿರುಗಿದ ಮೇಲೆ.

"ಗೊತ್ತೈತ್ರಿ. ನಿಮ್ಮ ಪಾಲಿಂದೂ ನಾನ ಉಂಡೆ. ಅತ್ತಿಯವ್ರ ಕರದು ಬಡಿಸಿದ್ರು."

"ಅವ್ವ? ನಿನಗ ಹರಕಿ ಐತಿ ಅಂತ ಅಕೀಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು. ಒಬ್ಬರಾದ್ರೂ ಉಣಲಿ ಅಂದ್ರು."

ವೀರಬಸಪ್ಪ ಉಳಿದ ಹೋಳಿಗೆ ಉಂಡ. ಎದ್ದು ಇನ್ನೊಂದು ಹಾಕಿಕೊಂಡ. ಮೂರನೆಯದಕ್ಕೆ ಕೈ ಹಾಕಿದಾಗ ಸಂಗವ್ವ, "ಹೊಟ್ಟಿ ಕೆಟ್ರ ಅದಕ್ಕೂ ನಾ ಜವಾಬ್ದಾರಿ ಅಲ್ಲ" ಎಂದಳು. ಅವನು ನಕ್ಕನೆಂದು ಹೇಳಲಾರೆ, ತುಟಿ ಒಂದಿಷ್ಟು ಅಲುಗಿತು. ಕೈ ತೊಳೆದು ಬಂದು ಅಂಕಪಟ್ಟಿಗಳನ್ನು ಒಟ್ಟು ಮಾಡಿ ಫೈಲಿಗೆ ಸೇರಿಸಿ ಟ್ರಂಕಿನಲ್ಲಿಟ್ಟ. ಪುಸ್ತಕಗಳ ನಡುವೆ ಒಂದು ಇನ್‌ಲ್ಯಾಂಡ್ ಪತ್ರ ಖಾಲಿ ಬಿದ್ದಿತ್ತು. ಅದನ್ನು ತೊಡೆಯ ಮೇಲೆ ಬಿಡಿಸಿಕೊಂಡು ಕೂತ.

"ಮೇ ತಿಂಗಳಿನ ಪರೀಕ್ಷಾ?" ಸಂಗವ್ವ ತಟ್ಟೆ ಎತ್ತುತ್ತ ಕೇಳಿದಳು.

"ಬರೀತೀನಿ. ಇವತ್ತ ಸಂಜಿಗೆ ಓದಾಕ ಕುಂದ್ರತೀನಿ. ಅದಕ್ಕೂ ಮೊದಲ ಆ ಮಲ್ಲಿಗಿ ಗಿಡ ಎಲ್ಲೈತಿ ತೋರಸು."

ಪತ್ರದ ಮೇಲೆ ಬೆರಳಿನ ತುಪ್ಪದ ಕಲೆಯಾಯಿತು. ಅವನು ಬೇರೆ ಪತ್ರ ಹುಡುಕಲಿಲ್ಲ. ಕಲೆಯ ಪಕ್ಕದಲ್ಲೇ ಬರೆದ:

"ಅವ್ವಾ, ಶರಣು. ನಾವು ಆರಾಮ ಇದ್ದೇವೆ. ಈ ನವೆಂಬರಿನಲ್ಲಿ ಅಪ್ಪ ತೀರಿಕೊಂಡ ದಿವಸಕ್ಕೆ ಬರುತ್ತೇನೆ. ಪರೀಕ್ಷೆ ಇದ್ದರೂ ಬರುತ್ತೇನೆ. ಹುಗ್ಗಿ ಮಾಡು. ನಾನು ಇನ್ನೂ ಪಾಸಾಗಿಲ್ಲ."